‘ಫ್ಯಾಸಿನೇಟಿಂಗ್’ ಎಂಬ ಪದವನ್ನು ಸರಿಯಾಗಿ ಬಳಸುವುದು ಹೇಗೆ?

‘ಫ್ಯಾಸಿನೇಟಿಂಗ್’ ಎಂದರೆ ‘ಆಕರ್ಷಕ’ ಎಂದೇ ಅರ್ಥವೇ? ‘ಇಂಟರೆಸ್ಟಿಂಗ್’ ಎನ್ನುವ ಕಡೆಯಲ್ಲೆಲ್ಲ ಅದನ್ನು ಹಾಕಬಹುದೇ? ‘ಐ ಆ್ಯಮ್ ಫ್ಯಾಸಿನೇಟಿಂಗ್’ ಎಂದು ಬರೆದರೆ ಮೇಷ್ಟರು ಯಾಕೆ ಕೆಂಪು ಗೆರೆ ಎಳೆಯುತ್ತಾರೆ? ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಾಲೇಜಿನಲ್ಲೋ ಕೆಲಸದಲ್ಲೋ ಇಂಗ್ಲಿಷ್ ಬರೆಯಬೇಕಾದ ಓದುಗರು ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಅವುಗಳಿಗೆಲ್ಲ ಒಂದೇ ಕಡೆ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಇಲ್ಲಿ ಬರುವ ತಪ್ಪುಗಳು ಪದದ ಅರ್ಥ ತಿಳಿಯದೆ ಆಗುವಂಥವಲ್ಲ. ಅರ್ಥ ತಿಳಿದವರೂ ಕನ್ನಡದ ‘ನನಗೆ’ ಎಂಬ ರೂಪವನ್ನು ಇಂಗ್ಲಿಷಿಗೆ ಹೇಗೆ ಸಾಗಿಸಬೇಕೆಂದು ತಿಳಿಯದೆ ಎಡವುತ್ತಾರೆ. ಆ ಒಂದು ಗಂಟು ಬಿಚ್ಚಿದರೆ ಉಳಿದದ್ದು ಬಹುಮಟ್ಟಿಗೆ ತಾನಾಗಿ ಸಡಿಲವಾಗುತ್ತದೆ.

ನಿಮ್ಮ ಬಳಿ ಒಂದು ನೋಟುಪುಸ್ತಕ ಇರಲಿ. ಜೊತೆಗೆ ಕಲಿಯುವವರಿಗೆಂದೇ ಸಿದ್ಧಪಡಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಒಂದಿದ್ದರೆ ಒಳ್ಳೆಯದು. ಇಂಗ್ಲಿಷ್–ಕನ್ನಡ ನಿಘಂಟು ಅರ್ಥವನ್ನು ಕೊಡುತ್ತದೆ. ಆದರೆ ಪದದ ಜೊತೆಗೆ ಯಾವ ಪದ ಬರಬೇಕು, ವಾಕ್ಯ ಹೇಗೆ ನಿಲ್ಲಬೇಕು ಎಂಬುದನ್ನು ಉದಾಹರಣೆಗಳ ಸಹಿತ ತೋರಿಸುವುದು ಮೊದಲನೆಯ ಬಗೆಯ ನಿಘಂಟು. ಪ್ರತಿ ಹಂತದಲ್ಲೂ ನಿಮ್ಮದೇ ಒಂದು ವಾಕ್ಯ ಬರೆದು ಮುಂದಕ್ಕೆ ಹೋಗಿ.

1. ಮೊದಲು ಪದದ ಒಳಗನ್ನು ನೋಡಿ

‘ಫ್ಯಾಸಿನೇಟ್’ ಎಂಬ ಕ್ರಿಯಾಪದದ ಬೇರು ಲ್ಯಾಟಿನ್ ಭಾಷೆಯ ‘ಫ್ಯಾಸಿನಾರೆ’. ಅದರ ಅರ್ಥ ಮಾಟ ಮಾಡುವುದು, ಮಂತ್ರ ಹಾಕಿ ಕಟ್ಟುವುದು. ಅದಕ್ಕೆ ಸಂಬಂಧಿಸಿದ ‘ಫ್ಯಾಸಿನಮ್’ ಎಂಬ ಪದ ಪ್ರಾಚೀನ ರೋಮಿನಲ್ಲಿ ಕೆಟ್ಟ ಕಣ್ಣು ತಾಗದಿರಲೆಂದು ಧರಿಸುತ್ತಿದ್ದ, ಪುರುಷಾಂಗದ ಆಕಾರದ ತಾಯಿತದ ಹೆಸರು. ಮಕ್ಕಳ ಕೊರಳಿಗೆ ಅದನ್ನು ಕಟ್ಟುತ್ತಿದ್ದರು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ನಮಗೆ ಆ ನಂಬಿಕೆಯನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ಪದಕ್ಕೆ ಮಾಟದ ಅರ್ಥವೇ ಇತ್ತು. ಹಾವು ತನ್ನ ನೋಟದಿಂದಲೇ ಹಕ್ಕಿಯನ್ನು ಕದಲದಂತೆ ನಿಲ್ಲಿಸುತ್ತದೆ ಎಂಬ ನಂಬಿಕೆಯನ್ನು ಹೇಳಲೂ ಯುರೋಪಿನವರು ಈ ಕ್ರಿಯಾಪದವನ್ನು ಬಳಸಿದರು.

ಇಂದು ಮಾಟದ ಅರ್ಥ ಹೋಗಿದೆ, ಹಿಡಿತದ ಅರ್ಥ ಉಳಿದಿದೆ. ಒಂದು ವಿಷಯ ನಿಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿ, ಇನ್ನಷ್ಟು ನೋಡಬೇಕು, ಇನ್ನಷ್ಟು ತಿಳಿಯಬೇಕು ಎನ್ನುವಂತೆ ಮಾಡಿದರೆ ಅದು ‘ಫ್ಯಾಸಿನೇಟಿಂಗ್’. ಇದರಿಂದ ಬಹಳ ಮುಖ್ಯವಾದ ಒಂದು ಸಂಗತಿ ಹೊರಡುತ್ತದೆ: ಹಾಗೆ ಹಿಡಿದು ನಿಲ್ಲಿಸುವ ವಸ್ತು ಸುಂದರವಾಗಿರಬೇಕಾಗಿಲ್ಲ, ಹಿತವಾಗಿಯೂ ಇರಬೇಕಾಗಿಲ್ಲ. ಜೇಡ ತನ್ನ ಬಲೆಗೆ ಬಿದ್ದ ನೊಣವನ್ನು ಸುತ್ತುವುದು, ಕಾಳಿಂಗ ಸರ್ಪ ಇನ್ನೊಂದು ಹಾವನ್ನು ನುಂಗುವುದು, ಹಳೆಯ ಕೊಲೆ ಮೊಕದ್ದಮೆಯ ದಾಖಲೆ, ಇವೆಲ್ಲವೂ ‘ಫ್ಯಾಸಿನೇಟಿಂಗ್’ ಆಗಬಹುದು. ‘ಮನಮೋಹಕ’ ಎಂಬ ಕನ್ನಡ ಪದವನ್ನು ಇವುಗಳಿಗೆ ಹಚ್ಚಿದರೆ ಎಷ್ಟು ಅಸಂಬದ್ಧವಾಗುತ್ತದೆ ನೋಡಿ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಏಳನೆಯ ಹಂತದಲ್ಲಿ ಬೇಕಾಗುತ್ತದೆ.

2. ಉಚ್ಚಾರಣೆ ಮತ್ತು ಅಕ್ಷರಗಳು

ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ: ಫ್ಯಾ-ಸಿ-ನೇ-ಟಿಂಗ್. ‘ಫ್ಯಾಷನ್’ ಪದದ ಪ್ರಭಾವದಿಂದ ಹಲವರು ‘ಫ್ಯಾಶಿನೇಟಿಂಗ್’ ಎನ್ನುತ್ತಾರೆ. ಅದು ತಪ್ಪು, ಇಲ್ಲಿರುವುದು ‘ಸ’ ಧ್ವನಿ. ಬರೆಯುವಾಗ ಎಸ್ ಆದ ಮೇಲೆ ಸಿ ಬರಬೇಕು. ‘ಸೈನ್ಸ್’, ‘ಸೀನ್’ ಪದಗಳಲ್ಲಿರುವಂತೆ ಈ ಸಿ ಬೇರೆಯಾಗಿ ಕೇಳಿಸುವುದಿಲ್ಲವಾದ್ದರಿಂದ ಅದನ್ನು ಬಿಟ್ಟು ಬರೆಯುವುದೇ ಇಲ್ಲಿಯ ಸಾಮಾನ್ಯ ತಪ್ಪು. ‘ಫ್ಯಾಸಿನೇಟ್’ ಪದದ ಕೊನೆಯಲ್ಲಿರುವ ಇ ಅಕ್ಷರ ‘ಇಂಗ್’ ಸೇರುವಾಗ ಬಿದ್ದುಹೋಗುತ್ತದೆ ಎಂಬುದನ್ನೂ ಗಮನಿಸಿ.

3. ‘ಇಂಗ್’ ಯಾರಿಗೆ, ‘ಎಡ್’ ಯಾರಿಗೆ?

ಇಡೀ ವಿಷಯದ ನಡುಗಂಬ ಇದು. ಅವಸರ ಮಾಡಬೇಡಿ.

ಕನ್ನಡದಲ್ಲಿ ಮನಸ್ಸಿನ ಸ್ಥಿತಿಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಚತುರ್ಥಿ ವಿಭಕ್ತಿಯನ್ನು, ಅಂದರೆ ‘ಗೆ’ ಅಥವಾ ‘ಕ್ಕೆ’ ಎಂದು ಕೊನೆಯಾಗುವ ರೂಪವನ್ನು ಬಳಸುತ್ತೇವೆ. ನನಗೆ ಬೇಸರವಾಗಿದೆ, ನನಗೆ ಖುಷಿಯಾಯಿತು, ನನಗೆ ನಕ್ಷತ್ರಗಳೆಂದರೆ ಬಹಳ ಕುತೂಹಲ. ಈ ವಾಕ್ಯಗಳಲ್ಲಿ ‘ನಾನು’ ಎಂಬ ಕರ್ತೃ ಇಲ್ಲವೇ ಇಲ್ಲ. ಭಾವವೇ ‘ನನಗೆ’ ಬಂದು ಸೇರುತ್ತದೆ. ಇಂಗ್ಲಿಷ್ ಹಾಗೆ ಮಾಡುವುದಿಲ್ಲ. ಅಲ್ಲಿ ‘ಐ’ ಎಂದು ವಾಕ್ಯ ಶುರುಮಾಡಿದ ತಕ್ಷಣ, ಆ ‘ಐ’ ಸೆಳೆಯುವವನೋ ಸೆಳೆತಕ್ಕೆ ಒಳಗಾದವನೋ ಎಂಬುದನ್ನು ಪದದ ಬಾಲವೇ ಹೇಳಬೇಕಾಗುತ್ತದೆ.

ಸೆಳೆಯುವ ವಸ್ತುವಿಗೆ, ವ್ಯಕ್ತಿಗೆ, ವಿಷಯಕ್ಕೆ ‘ಇಂಗ್’. ಸೆಳೆತಕ್ಕೆ ಸಿಕ್ಕಿದ ಮನಸ್ಸಿಗೆ ‘ಎಡ್’.

‘ಆ್ಯಸ್ಟ್ರಾನಮಿ ಈಸ್ ಫ್ಯಾಸಿನೇಟಿಂಗ್’ ಎಂದರೆ ಖಗೋಳಶಾಸ್ತ್ರ ಮನಸ್ಸನ್ನು ಸೆಳೆಯುತ್ತದೆ. ‘ಐ ಆ್ಯಮ್ ಫ್ಯಾಸಿನೇಟೆಡ್ ಬೈ ಆ್ಯಸ್ಟ್ರಾನಮಿ’ ಎಂದರೆ ನನ್ನ ಮನಸ್ಸು ಅದರ ಸೆಳೆತಕ್ಕೆ ಸಿಕ್ಕಿದೆ. ‘ಐ ಆ್ಯಮ್ ಫ್ಯಾಸಿನೇಟಿಂಗ್’ ಎಂದು ಬರೆದರೆ ವ್ಯಾಕರಣ ಕೆಡುವುದಿಲ್ಲ, ಅರ್ಥ ಕೆಡುತ್ತದೆ. ‘ನಾನು ಎಲ್ಲರನ್ನೂ ಮರುಳು ಮಾಡುವಂಥ ವ್ಯಕ್ತಿ’ ಎಂದು ನಿಮ್ಮನ್ನು ನೀವೇ ಹೊಗಳಿಕೊಂಡಂತಾಗುತ್ತದೆ. ಉದ್ಯೋಗದ ಅರ್ಜಿಯಲ್ಲಿ ಇಂಥ ವಾಕ್ಯ ಹೋದರೆ ಆಗುವ ಹಾನಿ ಸಣ್ಣದಲ್ಲ, ಏಕೆಂದರೆ ಓದುವವರಿಗೆ ಅದು ತಪ್ಪೆಂದು ಗೊತ್ತಾಗದೆ ಜಂಭವೆಂದು ಕಾಣಬಹುದು.

ಪರೀಕ್ಷಿಸಿಕೊಳ್ಳುವ ವಿಧಾನ ಹೀಗಿದೆ. ನಿಮ್ಮ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ಅಲ್ಲಿ ‘ನನಗೆ’, ‘ಅವಳಿಗೆ’, ‘ಮಕ್ಕಳಿಗೆ’ ಎಂದು ಬರುವ ವ್ಯಕ್ತಿ ಇಂಗ್ಲಿಷಿನಲ್ಲಿ ಕರ್ತೃವಾಗಿ ನಿಂತರೆ ಅವರಿಗೆ ‘ಎಡ್’ ಸೇರಿಸಿ. ‘ಮಕ್ಕಳಿಗೆ ಗೊಂಬೆಯಾಟವೆಂದರೆ ಬೆರಗು’ ಎಂಬುದು ‘ದ ಚಿಲ್ಡ್ರನ್ ಆರ್ ಫ್ಯಾಸಿನೇಟೆಡ್ ಬೈ ದ ಪಪೆಟ್ ಶೋ’ ಆಗುತ್ತದೆ. ಗೊಂಬೆಯಾಟವನ್ನೇ ಕರ್ತೃ ಮಾಡಿದರೆ ‘ದ ಪಪೆಟ್ ಶೋ ಈಸ್ ಫ್ಯಾಸಿನೇಟಿಂಗ್’. ಬೋರಿಂಗ್–ಬೋರ್ಡ್, ಎಕ್ಸೈಟಿಂಗ್–ಎಕ್ಸೈಟೆಡ್, ಇಂಟರೆಸ್ಟಿಂಗ್–ಇಂಟರೆಸ್ಟೆಡ್ ಜೋಡಿಗಳಿಗೂ ಇದೇ ನಿಯಮ ಹೊಂದುತ್ತದೆ. ಒಂದನ್ನು ಗಟ್ಟಿ ಮಾಡಿಕೊಂಡರೆ ಉಳಿದವೂ ಕೈಗೆ ಬರುತ್ತವೆ.

ಎಚ್ಚರ ವಹಿಸಬೇಕಾದ ಕಡೆ ಎರಡಿವೆ. ಮೊದಲನೆಯದು, ‘ಫ್ಯಾಸಿನೇಟೆಡ್’ ಎಂಬ ರೂಪ ಭೂತಕಾಲದ ಕ್ರಿಯಾಪದವೂ ಹೌದು. ‘ದ ಸ್ಟೋರಿ ಫ್ಯಾಸಿನೇಟೆಡ್ ಮಿ’ ಎಂಬ ವಾಕ್ಯದಲ್ಲಿ ಕರ್ತೃ ಕಥೆಯೇ ಆಗಿದ್ದರೂ ‘ಎಡ್’ ಬಂದಿದೆಯಲ್ಲ ಎಂದು ಗೊಂದಲಪಡಬೇಡಿ. ಅಲ್ಲಿ ಅದು ‘ಸೆಳೆಯಿತು’ ಎಂಬ ಕ್ರಿಯೆ, ಗುಣವಾಚಕವಲ್ಲ. ಗುಣವಾಚಕ ಎಂದರೆ ನಾಮಪದದ ಗುಣವನ್ನು ಹೇಳುವ ಪದ. ಮುಂದೆ ‘ಮಿ’, ‘ಹರ್’, ‘ದೆಮ್’ ಎಂಬ ಕರ್ಮ ನೇರವಾಗಿ ಬಂದಿದ್ದರೆ ಅದು ಕ್ರಿಯಾಪದವೆಂದು ತಿಳಿಯಿರಿ. ಎರಡನೆಯದು, ‘ಸ್ನೇಕ್ಸ್ ಆರ್ ಫ್ಯಾಸಿನೇಟಿಂಗ್ ಮಿ’ ಎಂಬ ಬಳಕೆ. ನಮ್ಮಲ್ಲಿ ಬಹಳ ಕೇಳಿಬರುತ್ತದೆ. ಮನಸ್ಸಿನ ಸ್ಥಿತಿಯನ್ನು ಹೇಳುವ ಇಂಥ ಕ್ರಿಯಾಪದವನ್ನು ಇಂಗ್ಲಿಷಿನಲ್ಲಿ ‘ನಡೆಯುತ್ತಾ ಇದೆ’ ಎಂಬ ರೂಪದಲ್ಲಿ ಸಾಮಾನ್ಯವಾಗಿ ಬಳಸುವುದಿಲ್ಲ. ‘ಸ್ನೇಕ್ಸ್ ಫ್ಯಾಸಿನೇಟ್ ಮಿ’ ಎಂದಷ್ಟೇ ಬರೆಯಿರಿ.

4. ಜೊತೆಗೆ ಬರುವ ಸಣ್ಣ ಪದ

ಪ್ರಿಪೊಸಿಷನ್ ಎಂದರೆ ನಾಮಪದಕ್ಕೆ ಮುಂಚೆ ನಿಂತು ಸಂಬಂಧ ಸೂಚಿಸುವ ‘ಬೈ’, ‘ವಿತ್’, ‘ಇನ್’, ‘ಟು’ ಮೊದಲಾದ ಪದಗಳು. ಕನ್ನಡದಲ್ಲಿ ಈ ಕೆಲಸದ ಬಹುಪಾಲನ್ನು ವಿಭಕ್ತಿ ಪ್ರತ್ಯಯಗಳೇ ಮಾಡುತ್ತವೆ. ‘ಇಂಟರೆಸ್ಟೆಡ್ ಇನ್’ ಎಂದು ಕಲಿತ ಅಭ್ಯಾಸದಿಂದ ‘ಫ್ಯಾಸಿನೇಟೆಡ್ ಇನ್’ ಎಂದೂ, ‘ಅಟ್ರ್ಯಾಕ್ಟೆಡ್ ಟುವರ್ಡ್ಸ್’ ಎಂಬ ನೆನಪಿನಿಂದ ‘ಫ್ಯಾಸಿನೇಟೆಡ್ ಟುವರ್ಡ್ಸ್’ ಎಂದೂ ಬರೆಯುವವರಿದ್ದಾರೆ. ಎರಡೂ ತಪ್ಪು.

‘ಫ್ಯಾಸಿನೇಟೆಡ್ ಬೈ’ ಎಂಬುದು ಎಲ್ಲ ಕಡೆ ಸಲ್ಲುವ ರೂಪ. ಸಂದೇಹ ಬಂದಾಗ ಇದನ್ನೇ ಹಾಕಿ. ಬಹಳ ಕಾಲದಿಂದ ಮನಸ್ಸನ್ನು ತುಂಬಿಕೊಂಡಿರುವ ಗೀಳಿನಂಥ ಆಸಕ್ತಿಯ ಬಗ್ಗೆ ಹೇಳುವಾಗ ‘ಫ್ಯಾಸಿನೇಟೆಡ್ ವಿತ್’ ಕೂಡ ಬರುತ್ತದೆ.

‘ಫ್ಯಾಸಿನೇಟೆಡ್ ಟು’ ಎಂಬ ರೂಪವೂ ಇದೆ, ಆದರೆ ಅದರ ವ್ಯಾಪ್ತಿ ಚಿಕ್ಕದು. ನೋಡುವುದು, ಕೇಳುವುದು, ತಿಳಿಯುವುದು, ಕಂಡುಕೊಳ್ಳುವುದು ಎಂಬ ಅರ್ಥದ ಕ್ರಿಯಾಪದಗಳ ಜೊತೆಗೆ ಮಾತ್ರ ಅದನ್ನು ಬಳಸುತ್ತಾರೆ: ‘ಐ ವಾಸ್ ಫ್ಯಾಸಿನೇಟೆಡ್ ಟು ಲರ್ನ್ ದಟ್ ಬೀಸ್ ಡಾನ್ಸ್’, ಅಂದರೆ ಜೇನುನೊಣಗಳು ಕುಣಿಯುತ್ತವೆಂದು ತಿಳಿದು ನನಗೆ ಬೆರಗಾಯಿತು. ‘ಐ ಆ್ಯಮ್ ಫ್ಯಾಸಿನೇಟೆಡ್ ಟು ಜಾಯಿನ್ ಯುವರ್ ಕಂಪನಿ’ ಎಂದು ಅರ್ಜಿಗಳಲ್ಲಿ ಬರೆಯುವುದು ಸಲ್ಲದು. ಕೆಲಸಕ್ಕೆ ಸೇರುವ ಇಚ್ಛೆಯನ್ನು ಹೇಳಲು ‘ಕೀನ್ ಟು’ ಅಥವಾ ‘ವುಡ್ ಲೈಕ್ ಟು’ ಎಂಬ ಸರಳ ರೂಪಗಳೇ ಸರಿ.

ನಾಮಪದವಾದ ‘ಫ್ಯಾಸಿನೇಷನ್’ ಬಂದಾಗ ಇನ್ನೊಂದು ತಿರುವಿದೆ. ನಿಮ್ಮ ಆಸಕ್ತಿಯಾದರೆ ‘ಮೈ ಫ್ಯಾಸಿನೇಷನ್ ವಿತ್ ಓಲ್ಡ್ ಕಾಯಿನ್ಸ್’. ಹಳೆಯ ನಾಣ್ಯಗಳನ್ನೇ ಕರ್ತೃ ಮಾಡಿದರೆ ‘ಓಲ್ಡ್ ಕಾಯಿನ್ಸ್ ಹೋಲ್ಡ್ ಎ ಫ್ಯಾಸಿನೇಷನ್ ಫಾರ್ ಮಿ’. ‘ಫ್ಯಾಸಿನೇಟರ್’ ಎಂಬ ಪದವನ್ನು ಕಂಡರೆ ‘ಸೆಳೆಯುವವನು’ ಎಂದುಕೊಂಡು ಮುಂದೆ ಹೋಗಬೇಡಿ. ಇಂದಿನ ಬಳಕೆಯಲ್ಲಿ ಅದು ಹೆಚ್ಚಾಗಿ ಬ್ರಿಟನ್ನಿನ ಮಹಿಳೆಯರು ಮದುವೆಗಳಿಗೆ, ಕುದುರೆ ಜೂಜಿನ ಕೂಟಗಳಿಗೆ ಹೋಗುವಾಗ ಮುಡಿಗೆ ಸಿಕ್ಕಿಸಿಕೊಳ್ಳುವ ಗರಿ-ಹೂವುಗಳ ಅಲಂಕಾರ.

5. ‘ಫೈಂಡ್’ ಎಂಬ ಸಹಾಯಕ

‘ಐ ಫೈಂಡ್ ಹಿಸ್ಟರಿ ಫ್ಯಾಸಿನೇಟಿಂಗ್’ ಎಂಬ ರಚನೆಯನ್ನು ಬೇಗನೆ ರೂಢಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕನ್ನಡದ ಮನಸ್ಸಿಗೆ ಇದು ತೀರ ಹತ್ತಿರದ್ದು. ‘ನನಗೆ ಇತಿಹಾಸ ಸ್ವಾರಸ್ಯಕರ ಅನ್ನಿಸುತ್ತದೆ’ ಎಂಬಲ್ಲಿಯ ‘ಅನ್ನಿಸುತ್ತದೆ’ ಮಾಡುವ ಕೆಲಸವನ್ನೇ ಇಲ್ಲಿ ‘ಫೈಂಡ್’ ಮಾಡುತ್ತದೆ. ಮೂರನೆಯ ಹಂತವನ್ನು ಕಲಿತವರು ಇಲ್ಲಿ ಒಂದು ತಪ್ಪು ಮಾಡುವುದುಂಟು: ವಾಕ್ಯ ‘ಐ’ ಎಂದು ಶುರುವಾಗಿದೆ, ಸೆಳೆತಕ್ಕೆ ಸಿಕ್ಕಿದವನು ನಾನೇ, ಆದ್ದರಿಂದ ‘ಎಡ್’ ಎಂದು ಲೆಕ್ಕ ಹಾಕಿ ‘ಐ ಫೈಂಡ್ ಹಿಸ್ಟರಿ ಫ್ಯಾಸಿನೇಟೆಡ್’ ಎಂದು ಬರೆಯುತ್ತಾರೆ. ಇಲ್ಲಿ ಗುಣವಾಚಕ ಅಂಟಿಕೊಂಡಿರುವುದು ‘ಹಿಸ್ಟರಿ’ಗೆ, ‘ಐ’ಗೆ ಅಲ್ಲ. ಗುಣವಾಚಕ ಯಾವ ಪದದ ಗುಣವನ್ನು ಹೇಳುತ್ತಿದೆಯೋ ಆ ಪದಕ್ಕೆ ಪ್ರಶ್ನೆ ಹಾಕಿ ನೋಡಬೇಕು. ಇತಿಹಾಸ ಸೆಳೆಯುತ್ತದೆ, ಆದ್ದರಿಂದ ‘ಇಂಗ್’.

ಸೆಳೆಯುವುದು ಒಂದು ಪದವಲ್ಲದೆ ಇಡೀ ಸಂಗತಿಯಾಗಿದ್ದರೆ ನಡುವೆ ‘ಇಟ್’ ತನ್ನಿ: ‘ಐ ಫೈಂಡ್ ಇಟ್ ಫ್ಯಾಸಿನೇಟಿಂಗ್ ದಟ್...’ ಅಥವಾ ‘ಇಟ್ ಈಸ್ ಫ್ಯಾಸಿನೇಟಿಂಗ್ ಟು ವಾಚ್...’.

6. ಒತ್ತು ಕೊಡುವುದು

‘ಇಂಟರೆಸ್ಟಿಂಗ್’ ಎಂಬುದಕ್ಕೆ ‘ವೆರಿ’ ಸೇರಿಸಿದಷ್ಟು ಸಹಜವಾಗಿ ‘ಫ್ಯಾಸಿನೇಟಿಂಗ್’ ಪದಕ್ಕೆ ಸೇರುವುದಿಲ್ಲ. ‘ಬಹಳ ಆಸಕ್ತಿದಾಯಕ’ ಎಂಬ ತೀವ್ರತೆ ಪದದ ಒಳಗೇ ಇದೆ. ‘ವೆರಿ ಫ್ಯಾಸಿನೇಟಿಂಗ್’ ಎಂದು ಬರೆಯುವವರಿಲ್ಲವೆಂದಲ್ಲ. ಆದರೆ ಎಚ್ಚರದಿಂದ ಬರೆಯುವವರು ‘ಆ್ಯಬ್ಸೊಲ್ಯೂಟ್ಲಿ’, ‘ಟ್ರೂಲಿ’, ‘ರಿಯಲಿ’ ಎಂಬ ಪದಗಳನ್ನು ಆರಿಸಿಕೊಳ್ಳುತ್ತಾರೆ. ‘ಎ ಬಿಟ್ ಫ್ಯಾಸಿನೇಟಿಂಗ್’ ಅಂತೂ ಹೊಂದುವುದೇ ಇಲ್ಲ. ಹೋಲಿಕೆಗೆ ‘ಮೋರ್’, ‘ಮೋಸ್ಟ್’ ಸೇರಿಸಬಹುದು. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ವಾಕ್ಯಗಳಲ್ಲಿ ಒತ್ತುಪದವೇ ಬೇಡ.

7. ಎಲ್ಲಿ ಬಳಸಬಾರದು

ಕನ್ನಡದ ‘ಆಕರ್ಷಕ’ ಎಂಬ ಪದ ಬಹಳ ದೂರ ಕೈಚಾಚುತ್ತದೆ. ಆಕರ್ಷಕ ಬಹುಮಾನ, ಆಕರ್ಷಕ ಸಂಬಳ, ಆಕರ್ಷಕ ರಿಯಾಯಿತಿ, ಆಕರ್ಷಕ ಮೈಕಟ್ಟು, ಆಕರ್ಷಕ ವ್ಯಕ್ತಿತ್ವ, ಆಕರ್ಷಕ ಉಪನ್ಯಾಸ; ಎಲ್ಲದಕ್ಕೂ ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಈ ಪಟ್ಟಿ ಒಡೆಯುತ್ತದೆ. ಬಹುಮಾನ, ಸಂಬಳ, ರಿಯಾಯಿತಿ, ಮೈಕಟ್ಟು ಇವು ‘ಅಟ್ರ್ಯಾಕ್ಟಿವ್’ ಆಗಬಹುದೇ ಹೊರತು ‘ಫ್ಯಾಸಿನೇಟಿಂಗ್’ ಆಗಲಾರವು, ಏಕೆಂದರೆ ಅವು ಆಸೆ ಹುಟ್ಟಿಸುತ್ತವೆ, ತಿಳಿಯುವ ಹಂಬಲವನ್ನಲ್ಲ. ಉಪನ್ಯಾಸ ‘ಫ್ಯಾಸಿನೇಟಿಂಗ್’ ಆಗುತ್ತದೆ. ವ್ಯಕ್ತಿತ್ವಕ್ಕೆ ಎರಡೂ ಸಲ್ಲುತ್ತವೆ, ಅರ್ಥ ಮಾತ್ರ ಬೇರೆ: ‘ಎ ಫ್ಯಾಸಿನೇಟಿಂಗ್ ವುಮನ್’ ಎಂದರೆ ಮುಖ್ಯವಾಗಿ ಆಕೆಯ ಮಾತು, ಬದುಕು, ವಿಚಾರ ಹಿಡಿದು ನಿಲ್ಲಿಸುತ್ತವೆ ಎಂದು; ರೂಪದ ಮಾತು ಅಲ್ಲಿ ಬರಲೇಬೇಕೆಂದಿಲ್ಲ.

ಊಟದ ರುಚಿಗೂ ಈ ಪದ ಹೊಂದುವುದಿಲ್ಲ. ಬೆಣ್ಣೆ ದೋಸೆ ‘ಡೆಲಿಷಸ್’. ಆದರೆ ಹುದುಗು ಬರುವ ರಾಸಾಯನಿಕ ಕ್ರಿಯೆ, ರಾತ್ರಿ ಕಲಸಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವ ಬಗೆ ‘ಫ್ಯಾಸಿನೇಟಿಂಗ್’ ಆಗಬಲ್ಲದು. ತಿನ್ನುವ ಸುಖಕ್ಕೂ ತಿಳಿಯುವ ಹಂಬಲಕ್ಕೂ ನಡುವೆ ಇರುವ ಗೆರೆಯನ್ನು ಈ ಉದಾಹರಣೆ ತೋರಿಸುತ್ತದೆ.

ಅಕ್ಕಪಕ್ಕದ ಪದಗಳನ್ನೂ ಇಲ್ಲೇ ನೋಡಿಬಿಡೋಣ. ಆಶ್ಚರ್ಯವೆಂದರೆ ಇವುಗಳಲ್ಲಿ ಹೆಚ್ಚಿನವು ಮಂತ್ರ ಅಥವಾ ಸೆರೆಯಿಂದಲೇ ಹುಟ್ಟಿವೆ. ‘ಎನ್ಚಾಂಟಿಂಗ್’ ಪದದ ಬೇರಿನಲ್ಲಿ ಮಂತ್ರವನ್ನು ಹಾಡಿ ಕಟ್ಟುವ ಅರ್ಥವಿದೆ. ಇಂದು ಅದು ಕನಸಿನಂಥ ಚೆಲುವಿಗೆ ಮೀಸಲು. ‘ಕ್ಯಾಪ್ಟಿವೇಟಿಂಗ್’ ಸೆರೆಯಾಳು ಎಂಬ ಅರ್ಥದಿಂದ ಬಂದದ್ದು. ಗಾಯನ, ಅಭಿನಯ, ನಗೆ ಇವುಗಳಿಗೆ ಚೆನ್ನಾಗಿ ಒಪ್ಪುತ್ತದೆ. ‘ಎನ್ಥ್ರಾಲಿಂಗ್’ ಪದದಲ್ಲಿ ಗುಲಾಮನೆಂಬ ಅರ್ಥದ ‘ಥ್ರಾಲ್’ ಅಡಗಿದ್ದು, ಕೊನೆಯ ಓವರಿನವರೆಗೂ ಕೂರಿಸಿಕೊಳ್ಳುವ ಪಂದ್ಯಕ್ಕೆ ಅದು ತಕ್ಕ ಪದ. ‘ಮೆಸ್ಮರೈಸಿಂಗ್’ ಒಬ್ಬ ಮನುಷ್ಯನ ಹೆಸರಿನಿಂದ ಹುಟ್ಟಿದೆ. ಫ್ರಾಂಜ್ ಆಂಟನ್ ಮೆಸ್ಮರ್ (1734–1815) ಎಂಬ ವೈದ್ಯ ಜೀವಿಗಳಲ್ಲಿ ಒಂದು ಬಗೆಯ ಕಾಂತಶಕ್ತಿ ಇದೆಯೆಂದು ವಾದಿಸಿ ಪ್ಯಾರಿಸ್ಸಿನಲ್ಲಿ ಚಿಕಿತ್ಸೆ ನೀಡುತ್ತಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೆ ಸದಸ್ಯರಾಗಿದ್ದ ಸಮಿತಿ ಅಂಥ ಶಕ್ತಿ ಇಲ್ಲವೆಂದು ತೀರ್ಮಾನಿಸಿತು. ಸಿದ್ಧಾಂತ ಬಿದ್ದುಹೋಯಿತು, ಹೆಸರು ಭಾಷೆಯಲ್ಲಿ ಉಳಿಯಿತು. ಕಣ್ಣು ನೆಟ್ಟು ಮೈಮರೆಯುವ ಸ್ಥಿತಿಗೆ ಅದನ್ನು ಬಳಸಿ. ‘ಇಂಟ್ರೀಗಿಂಗ್’ ಎಂಬುದರಲ್ಲಿ ಬಿಡಿಸಲಾಗದ ಒಗಟಿನ ಛಾಯೆ ಇದೆ. ಏನೋ ಮುಚ್ಚಿಟ್ಟಂತಿದೆ, ತಿಳಿಯಬೇಕು ಎಂಬ ಭಾವಕ್ಕೆ ಅದು ಸರಿ.

8. ಕನ್ನಡಕ್ಕೆ ತರುವಾಗ

ಒಂದೇ ಪದಕ್ಕೆ ಅಂಟಿಕೊಳ್ಳಬೇಡಿ. ವಿಜ್ಞಾನದ ಸಂಗತಿಯಾದರೆ ‘ಬೆರಗು ಹುಟ್ಟಿಸುವ’ ಅಥವಾ ‘ಕುತೂಹಲಕರ’, ಚರಿತ್ರೆ ಅಥವಾ ಬದುಕಿನ ಕಥೆಯಾದರೆ ‘ಸ್ವಾರಸ್ಯಕರ’, ವ್ಯಕ್ತಿಯಾದರೆ ‘ಮನಸ್ಸನ್ನು ಸೆಳೆಯುವ’. ‘ಫ್ಯಾಸಿನೇಟೆಡ್’ ಎಂಬುದಕ್ಕೆ ‘ಬೆರಗಾದ’, ‘ಮರುಳಾದ’, ‘ಮನಸೋತ’ ಎಂಬ ಪದಗಳಿವೆ. ಸಭೆಯೋ ಸಂಗೀತ ಕಛೇರಿಯೋ ಆದರೆ ‘ಮಂತ್ರಮುಗ್ಧ’ ಎಂಬುದು ಬೇರಿನ ಅರ್ಥಕ್ಕೂ ಹತ್ತಿರವಾಗಿದೆ. ‘ರೋಚಕ’ ಪದವನ್ನು ಮೈ ನವಿರೇಳಿಸುವ ಘಟನೆಗಳಿಗೆ ಉಳಿಸಿಕೊಳ್ಳುವುದು ಲೇಸು. ಅದಕ್ಕಿಂತ ಮುಖ್ಯವಾಗಿ, ‘ಐ ಆ್ಯಮ್ ಫ್ಯಾಸಿನೇಟೆಡ್ ಬೈ...’ ಎಂಬುದನ್ನು ‘ನಾನು ...ದಿಂದ ಆಕರ್ಷಿಸಲ್ಪಟ್ಟಿದ್ದೇನೆ’ ಎಂದು ಅನುವಾದಿಸಬೇಡಿ. ‘ಪಟ್ಟಿದ್ದೇನೆ’ಗಳು ಕನ್ನಡವನ್ನು ಉಸಿರುಗಟ್ಟಿಸುತ್ತವೆ. ‘ನನಗೆ ...ಎಂದರೆ ಎಲ್ಲಿಲ್ಲದ ಕುತೂಹಲ’ ಎನ್ನಿ.

9. ಒಂದು ಪ್ಯಾರಾವನ್ನು ತಿದ್ದಿ ನೋಡಿ

ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋಗಿಬಂದ ವಿದ್ಯಾರ್ಥಿ ಬರೆಯಬಹುದಾದ ನಾಲ್ಕು ವಾಕ್ಯಗಳು ಇಲ್ಲಿವೆ. ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟದ ಕೆಳಗೆ, ಗೋಡೆಯ ಒಂದು ಬದಿಯಲ್ಲಿ ಪಿಸುಗುಟ್ಟಿದ ಮಾತು ಎದುರು ಬದಿಗೆ ಕೇಳಿಸುವ ಆ ಸ್ಥಳಕ್ಕೆ ‘ಫ್ಯಾಸಿನೇಟಿಂಗ್’ ಎಂಬ ಪದ ನಿಜವಾಗಿ ಒಪ್ಪುತ್ತದೆ. ಉತ್ತರ ನೋಡುವ ಮೊದಲು ನೀವೇ ತಿದ್ದಿ.

‘ಐ ವಾಸ್ ವೆರಿ ಫ್ಯಾಸಿನೇಟಿಂಗ್ ಟು ಸೀ ದ ಡೋಮ್. ದ ಎಕೋ ವಾಸ್ ಫ್ಯಾಸಿನೇಟಿಂಗ್ ಮಿ. ಐ ಫೌಂಡ್ ದ ವಿಸ್ಪರಿಂಗ್ ಗ್ಯಾಲರಿ ಫ್ಯಾಸಿನೇಟೆಡ್. ನೌ ಐ ಆ್ಯಮ್ ಫ್ಯಾಸಿನೇಟೆಡ್ ಇನ್ ಆರ್ಕಿಟೆಕ್ಚರ್.’

ಮೊದಲ ವಾಕ್ಯದಲ್ಲಿ ಬೆರಗಾದವನು ಬರೆಯುವವನೇ, ಆದ್ದರಿಂದ ‘ಎಡ್’ ಬೇಕು, ‘ವೆರಿ’ ಹೋಗಬೇಕು. ‘ಟು ಸೀ’ ಸರಿಯಾಗಿಯೇ ಇದೆ, ಏಕೆಂದರೆ ‘ಸೀ’ ನೋಡುವ ಕ್ರಿಯೆ. ಎರಡನೆಯದು ‘ದ ಎಕೋ ಫ್ಯಾಸಿನೇಟೆಡ್ ಮಿ’ ಎಂದಾಗಬೇಕು. ಇಲ್ಲವೇ ‘ಮಿ’ಯನ್ನು ಕೈಬಿಟ್ಟು ‘ದ ಎಕೋ ವಾಸ್ ಫ್ಯಾಸಿನೇಟಿಂಗ್’ ಎಂದರೂ ಸರಿ. ಮೂರನೆಯದರಲ್ಲಿ ಗುಣವಾಚಕ ಗ್ಯಾಲರಿಗೆ ಸೇರಿದ್ದರಿಂದ ‘ಫ್ಯಾಸಿನೇಟಿಂಗ್’. ನಾಲ್ಕನೆಯದರಲ್ಲಿ ‘ಇನ್’ ಬದಲು ‘ಬೈ’ ಹಾಕಿ. ಬಂದ ದಿನದಿಂದ ಆ ವಿದ್ಯಾರ್ಥಿ ಕಟ್ಟಡಗಳ ಪುಸ್ತಕಗಳನ್ನೇ ಹುಡುಕಿ ಓದುತ್ತಿದ್ದರೆ ‘ವಿತ್’ ಕೂಡ ಒಪ್ಪುತ್ತದೆ.